ಛತ್ರಿ ಬಟ್ಟೆಯ ಕೆಳಗಿನ ಹುಲ್ಲು

ಎಳ್ಳಮಾವಾಸ್ಯೆಗೆ ಎರಡು ದಿನ ಮೊದಲು, ಜೇವರ್ಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಾಲು ಜಾರಿ ಮೊಣಕಾಲು ತರಚಿಕೊಂಡೆ. ದವಾಖಾನೆಯ ಕಂಪೌಂಡರ್ ಹತ್ತಿಯನ್ನು ಟಿಂಚರ್ ಅಯೋಡಿನ್ನಿನಲ್ಲಿ ಅದ್ದಿ ಗಾಯಕ್ಕೆ ಒತ್ತಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣಲ್ಲಿ ನೀರು ಬಂತು.

"ಭಾಳ ಉರಿಯಾಕತ್ತದೇನ್ರಿ ಅಕ್ಕೋರ?" ಎಂದು ಕೇಳಿದ. ನಮ್ಮ ಶಾಲೆಯಲ್ಲೇ ಓದಿದವನು, ಒಂದು ಕಾಲಕ್ಕೆ ನನ್ನ ಕೈಯಲ್ಲಿ ಏಟು ತಿಂದವನು. ಸೇಡು ತೀರಿಸಿಕೊಳ್ಳುವವನ ಹಾಗೆ ಇನ್ನೊಂದಿಷ್ಟು ಒತ್ತಿದ.

"ಔಷಧ ಉರಿಯಾಕತ್ತಿಲ್ಲಪ್ಪ. ನೀ ನಿನ್ನ ಕೆಲಸ ಮಾಡು" ಎಂದೆ.

ಅವನಿಗೆ ಹೇಳಿದರೆ ನಗುತ್ತಿದ್ದ. ಟಿಂಚರ್ ವಾಸನೆ ಬಂದರೆ ಎಲ್ಲರಿಗೂ ಗಾಯ ನೆನಪಾದರೆ ನನಗೆ ಒಂದು ಹುಲ್ಲು ನೆನಪಾಗುತ್ತದೆ. ಆ ಹುಲ್ಲಿನ ಬೆನ್ನಿಗೇ ಕರಜಗಿಯ ಕಲಾವತಿ ನೆನಪಾಗುತ್ತಾಳೆ. ಆಮೇಲೆ ಆ ದಿನ ಪೂರ್ತಿ ನನ್ನ ಮೋರೆ ಸರಿಯಿರುವುದಿಲ್ಲ. ಹದಿನೈದು ವರ್ಷ ಕಳೆದರೂ ಆ ಸಿಟ್ಟು ಆರಿಲ್ಲ. ಆರಿಸಬೇಕೆಂದು ನಾನೂ ಪ್ರಯತ್ನ ಪಟ್ಟವಳಲ್ಲ.

ಆಗ ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಗುಲಬರ್ಗಾದಲ್ಲಿ ಒಬ್ಬ ಪ್ರೊಫೆಸರರ ಕೈಕೆಳಗೆ ಒಂದು ವರ್ಷದ ಯೋಜನೆಗೆ ಸೇರಿದ್ದೆ. ಅವರ ಹೆಸರು ಬೇಡ, ನಮಗೆ ಅವರು ಬರೀ ಸರ್. ಸರ್‌ಗೆ ಒಂದೇ ಹುಚ್ಚು, ಕಡಲ ಹುಲ್ಲು. ಕಡಲ ಹುಲ್ಲು ಎಂದರೆ ಪಾಚಿಯಲ್ಲ. ನಮ್ಮ ಜೋಳದ ಹಾಗೆ ಬೇರು, ಕಾಂಡ, ಹೂವು, ಬೀಜ ಎಲ್ಲ ಇರುವ ಹುಲ್ಲು ಅದು, ದಂಡೆಗೆ ಹತ್ತಿರದ ಉಪ್ಪು ನೀರಿನ ತಳದಲ್ಲಿ ಮುಳುಗಿಕೊಂಡೇ ಬದುಕುತ್ತದೆ. ಮಳೆಗಾಲದಲ್ಲಿ ಹೊಳೆಗಳು ಕೆಸರು ತಂದು ಸುರಿದಾಗ ನೀರು ಕದಡಿ ತಳಕ್ಕೆ ಬೆಳಕು ಇಳಿಯುವುದಿಲ್ಲ. ಆ ಕತ್ತಲೆಯ ದಿನಗಳನ್ನು ಹುಲ್ಲು ಹೇಗೆ ಕಳೆಯುತ್ತದೆ ಎಂಬುದೇ ಸರ್ ಕೇಳುತ್ತಿದ್ದ ಪ್ರಶ್ನೆ. ಎಲೆ ಉದ್ದ ಮಾಡಿಕೊಂಡು ಮೇಲಕ್ಕೆ ಚಾಚುತ್ತದೆ, ಹಸಿರು ಹೆಚ್ಚಿಸಿಕೊಳ್ಳುತ್ತದೆ, ಖರ್ಚು ಕಡಿಮೆ ಮಾಡಲು ಹಳೆಯ ಎಲೆ ಉದುರಿಸುತ್ತದೆ. ಅದೂ ಸಾಲದಾದಾಗ ಮಣ್ಣೊಳಗಿನ ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನೇ ತಿಂದು ಜೀವ ಹಿಡಿಯುತ್ತದೆ. ಆದರೆ ಎಷ್ಟು ದಿನ?

ಆಳಂದ ತಾಲ್ಲೂಕಿನ ನರೋಣಾದಲ್ಲಿ ಹುಟ್ಟಿದ ನಾನು ಕಡಲು ಕಂಡವಳಲ್ಲ. ನಮ್ಮೂರ ಕಡೆ ಮುಂಗಾರು ಬಂದರೆ ಹಬ್ಬ, ಬಾರದಿದ್ದರೆ ಉಪವಾಸ. ಆಳೆತ್ತರದ ನೀರನ್ನೇ ನಾನು ಭೀಮಾ ನದಿಯಲ್ಲಿ ಮೊದಲು ನೋಡಿದ್ದು. ಕಡಲಿಗೆ ಹೋಗುವ ಮುಂಚೆ ನದಿಯ ಹುಲ್ಲಿನ ಮೇಲೆ ಕೈ ಪಳಗಿಸಿಕೊಳ್ಳಿರಿ ಎಂದು ಸರ್ ಇಬ್ಬರನ್ನು ಅಫಜಲಪುರಕ್ಕೆ ಕಳಿಸಿದರು, ನಾನು ಮತ್ತು ಕಲಾವತಿ. ಭೀಮೆಯ ತಳದಲ್ಲೂ ಪಟ್ಟಿಯಂಥ ಎಲೆಯ ಒಂದು ನೀರ ಹುಲ್ಲು ಬೆಳೆಯುತ್ತದೆ, ಬೆಳಕಿನ ವಿಷಯದಲ್ಲಿ ಅದರ ಸ್ವಭಾವವೂ ಕಡಲ ಹುಲ್ಲಿನಂಥದೇ. ವರ್ಷದ ಕೊನೆಗೆ ಇಬ್ಬರಲ್ಲಿ ಯಾರ ಕೆಲಸ ಚೊಕ್ಕವಾಗಿರುತ್ತದೋ ಅವರಿಗೆ ಕಡಲ ದಂಡೆಯ ಪ್ರಯೋಗಶಾಲೆಯಲ್ಲಿ ಜಾಗ. ಇರುವುದು ಒಂದೇ ಜಾಗ. ಅದನ್ನು ಸರ್ ಮೊದಲ ದಿನವೇ ಹೇಳಿದ್ದರು.

ಒಂದೇ ಜಾಗ ಎಂದು ಗೊತ್ತಿದ್ದೂ ನಾವಿಬ್ಬರೂ ಒಂದೇ ಖೋಲಿಯಲ್ಲಿ ಇದ್ದೆವು. ಒಂದೇ ಸ್ಟೋವು, ಒಂದೇ ಹಂಚು. ನಾನು ರೊಟ್ಟಿ ಬಡಿದರೆ ಅವಳು ಪಲ್ಯ ಮಾಡುತ್ತಿದ್ದಳು. ಕರಜಗಿಯಲ್ಲಿ ಅವರ ಮನೆಯವರಿಗೆ ಕಬ್ಬಿನ ಹೊಲವಿತ್ತು, ಊರಿಗೆ ಹೋದಾಗಲೆಲ್ಲ ಒಂದು ಡಬ್ಬಿ ಬೆಲ್ಲ ತರುತ್ತಿದ್ದಳು. ಬೆಲ್ಲದ ತುಂಡು ಮುರಿದು ನನ್ನ ಬಾಯಿಗೆ ತುರುಕಿ, "ತಿನ್ನು ಬೇ ನೀಲಾ. ಸಮುದ್ರಕ್ಕ ನೀನೇ ಹೋಗ್ತಿ ಅಂತ ಬರದದ. ನಾ ಬಂದು ನಿನ್ನ ಕೈಲೆ ಉಪ್ಪು ಇಸ್ಕೊಂಡು ಹೋಗ್ತೇನಿ" ಎಂದು ನಗುತ್ತಿದ್ದಳು. ನನಗೆ ಜ್ವರ ಬಂದಾಗ ಎರಡು ದಿನ ಕೆಲಸ ಬಿಟ್ಟು ಪಕ್ಕದಲ್ಲಿ ಕೂತವಳು ಅವಳೇ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ದಿನಾ ಬೆಳಿಗ್ಗೆ ಬಸ್ಸು ಹಿಡಿದು ನದಿ ದಂಡೆಯ ಒಂದು ಹಳ್ಳಿಗೆ ಹೋಗುತ್ತಿದ್ದೆವು. ಅಲ್ಲಿ ದೋಣಿ ಹಾಕುತ್ತಿದ್ದ ಮಲ್ಲಪ್ಪ ಕಾಕಾ ನಮಗೆ ನದಿ ತೋರಿಸಿದವರು. ಅರವತ್ತು ದಾಟಿದ ಒಣಕಲು ಮನುಷ್ಯ, ತಲೆಗೆ ಯಾವಾಗಲೂ ಒಂದು ಕೆಂಪು ಪಟಕಾ. ಒಂದು ಗುಂಟೆ ಹೊಲವೂ ಅವರಿಗಿರಲಿಲ್ಲ. "ನಮ್ಮ ಹೊಲ ಇದೇ ನೋಡ್ರಿ ಅಕ್ಕೋರ" ಎಂದು ದೋಣಿಯ ಹುಟ್ಟಿನಿಂದ ನದಿಯನ್ನು ತೋರಿಸುತ್ತಿದ್ದರು. "ಬಿತ್ತಂಗಿಲ್ಲ, ಹರಗಂಗಿಲ್ಲ. ಆದ್ರ ಪೀಕು ಬರ್ತದ."

ನೀರಿನಲ್ಲಿ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಳೆಯುವುದು ಕಲಾವತಿಯ ಕೆಲಸ. ಅಲ್ಯೂಮಿನಿಯಮ್ಮಿನ ಒಂದು ಜರ್ಮನ್ ತಟ್ಟೆಗೆ ಕಪ್ಪು ಬಿಳಿ ಬಣ್ಣ ಬಳಿದು, ಗಂಟು ಹಾಕಿದ ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡುವುದು, ತಟ್ಟೆ ಕಾಣದಾದಾಗ ಎಷ್ಟನೆಯ ಗಂಟು ಎಂದು ಬರೆದುಕೊಳ್ಳುವುದು. ಮಳೆ ಮುಗಿದ ಹೊಸದರಲ್ಲಿ ಮೊದಲ ಗಂಟಿಗೇ ತಟ್ಟೆ ಮಾಯ. ದಸರೆ ಹೊತ್ತಿಗೆ ನೀರು ತಿಳಿಯಾಗತೊಡಗಿತು, ದೀಪಾವಳಿಗೆ ತಳದ ಉಸುಕು ಕಾಣುತ್ತಿತ್ತು. ಕಾಕಾ ತಟ್ಟೆ ನೋಡುವ ಮೊದಲೇ "ಇವತ್ತ ನಾಕನೇ ಗಂಟು" ಎನ್ನುತ್ತಿದ್ದರು. ಬಹಳ ಸಲ ನಾಲ್ಕನೆಯ ಗಂಟೇ ಆಗಿರುತ್ತಿತ್ತು. ಕಲಾವತಿಗೆ ಅದರಿಂದ ರೇಗುತ್ತಿತ್ತು.

ನನ್ನ ಕೆಲಸ ಹುಲ್ಲಿಗೆ ಕತ್ತಲೆ ಮಾಡುವುದು. ಅಫಜಲಪುರದ ಬಜಾರಿನಲ್ಲಿ ಛತ್ರಿ ರಿಪೇರಿ ಮಾಡುವವನ ಹತ್ತಿರ ಕಪ್ಪು ಬಟ್ಟೆ ಕೊಂಡು, ಟೇಲರ್‌ನಿಂದ ಹೊಲಿಸಿ, ಬಿದಿರಿನ ಹತ್ತು ಚೌಕಟ್ಟಿಗೆ ಬಿಗಿದೆ. ಐದು ಚೌಕಟ್ಟು ದೋಣಿ ನಿಲ್ಲುವ ಕಟ್ಟೆಯ ಬಳಿ, ಐದು ಸ್ವಲ್ಪ ಕೆಳಗೆ, ಒಂದು ಬಂಡೆಯ ಆಚೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಕಾ ಗೂಟ ಹೊಡೆದರು, ನಾನು ಸೀರೆ ಎತ್ತಿಕಟ್ಟಿ ಬಟ್ಟೆ ಬಿಗಿದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಒಂದು ವಾರ ನಗಲು ಅಷ್ಟೇ ಸಾಕಾಯಿತು. "ಹುಲ್ಲಿಗಿ ಬುರ್ಖಾ ಹಾಕ್ಯಾಳ ನೋಡ್ರೆ ಈಕಿ!"

ಸರ್ ಹೇಳಿದ್ದು ಖಡಕ್ಕಾಗಿತ್ತು. ಮೂರು ತಿಂಗಳು ಬಟ್ಟೆ ಎತ್ತಕೂಡದು. ಮೊದಲ ತಿಂಗಳ ಕೊನೆಗೆ ಒಂದೇ ಸಲ ಮೂಲೆಯಿಂದ ಕೈ ಹಾಕಿ ಒಂದೊಂದು ಗಿಡ ಕೀಳಬಹುದು, ಆಮೇಲೆ ಕೊನೆಗೇ. ಹಾಗೆ ಒಂದು ತಿಂಗಳಿಗೆ ಕಿತ್ತು ನೋಡಿದಾಗ ನನಗೆ ರೋಮಾಂಚನವಾಯಿತು. ಬಯಲಿನ ಹುಲ್ಲು ಗೇಣುದ್ದ, ಬಿಸಿಲಿಗೆ ಎಲೆ ಕೆಂಪೇರಿ ಗಡುಸಾಗಿತ್ತು. ಬಟ್ಟೆಯ ಕೆಳಗಿನದು ಒಂದೂವರೆ ಗೇಣು, ತೆಳ್ಳಗೆ, ಕಡು ಹಸಿರು. ಮೇಲಿನಿಂದ ನೋಡಿದರೆ ಕತ್ತಲೆಯ ಹುಲ್ಲೇ ಹೆಚ್ಚು ಸೊಂಪಾಗಿ ಕಾಣುತ್ತಿತ್ತು. ಆದರೆ ಮಣ್ಣಿನಲ್ಲಿ ಓಡುವ ಬಿಳಿ ಕಾಂಡವನ್ನು ಕೊಯ್ದು ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟಾಗ ಗುಟ್ಟು ರಟ್ಟಾಯಿತು. ಪಿಷ್ಟ ಇದ್ದಲ್ಲಿ ಟಿಂಚರ್ ಕಡುನೀಲಿಗೆ ತಿರುಗುತ್ತದೆ. ಬಯಲಿನ ಕಾಂಡ ಶಾಯಿ ಚೆಲ್ಲಿದಷ್ಟು ನೀಲಿಯಾಯಿತು, ಕತ್ತಲೆಯದು ಅಲ್ಲೊಂದು ಇಲ್ಲೊಂದು ಚುಕ್ಕೆ ಅಷ್ಟೇ. ಮೇಲೆ ನಗುತ್ತ ಒಳಗೆ ತನ್ನನ್ನೇ ತಿನ್ನುತ್ತಿತ್ತು ಆ ಹುಲ್ಲು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಊರಲ್ಲಿ ಯಾರೂ ಉಳಿಯುವುದಿಲ್ಲ. ಬಿಳಿಜೋಳ ಹೊಡೆ ತುಂಬಿ ನಿಂತಿರುತ್ತದೆ, ಭೂಮಿತಾಯಿ ಬಸುರಿ ಎಂದು ಲೆಕ್ಕ. ಕಾಳು ತರಕಾರಿ ಕಲೆಸಿ ಬೇಯಿಸಿದ ಭಜ್ಜಿ, ಸಜ್ಜೆ ಕಡುಬು, ಅಂಬಲಿ ಎಲ್ಲ ಮಾಡಿಕೊಂಡು ಹೊಲಕ್ಕೆ ಹೋಗಿ, ಅವಳಿಗೆ ಬಯಕೆಯ ಊಟ ಎಂದು ಪೈರಿನ ಮೇಲೆ ಆ ಅಡುಗೆಯನ್ನೇ ಚರಗ ಚೆಲ್ಲಿ ಆಮೇಲೆ ನಾವು ಉಣ್ಣುವುದು. ನಾನು ನರೋಣಾಕ್ಕೆ, ಕಲಾವತಿ ಕರಜಗಿಗೆ ಹೊರಟೆವು. ಹೊರಡುವಾಗ ಕಾಕಾಗೆ, "ಇವನ್ನ ಜರಾ ಜ್ವಾಕಿ ಮಾಡ್ರಿ ಕಾಕಾ" ಎಂದೆ.

"ಫಿಕರ್ ಮಾಡಬ್ಯಾಡ್ರಿ. ನನ್ನ ಮಕ್ಕಳಂಗ ನೋಡ್ಕೊಂತೇನಿ" ಎಂದರು.

ಒಂದು ವಾರ ಬಿಟ್ಟು ಬಂದೆವು. ಹತ್ತೂ ಚೌಕಟ್ಟು ಇದ್ದಲ್ಲೇ ಇದ್ದವು, ಕಟ್ಟೆಯ ಬಳಿಯ ಬಟ್ಟೆ ನಾನು ಬಿಗಿದದ್ದಕ್ಕಿಂತ ಚೆನ್ನಾಗಿ ಬಿಗಿದಿತ್ತು. ಗಾಳಿಗೆ ಸಡಿಲಾಗಿರಬೇಕು, ಕಾಕಾ ಬಿಗಿದಿದ್ದಾರೆ ಎಂದುಕೊಂಡೆ. ಕೇಳಲಿಲ್ಲ.

ಭಾರತ ಹುಣ್ಣಿಮೆ ಹೊತ್ತಿಗೆ ಮೂರು ತಿಂಗಳು ತುಂಬಿತು. ಬೆಳಿಗ್ಗೆಯೇ ಮೊದಲು ಬಂಡೆಯಾಚೆಯ ಬಟ್ಟೆ ತೆಗೆದೆ. ಹುಲ್ಲು ಸತ್ತಿತ್ತು. ಕೊಳೆತ ಕಂದು ಎಲೆಗಳು ಕೈಗೆ ಅಂಟಿಕೊಂಡವು, ಕಾಂಡ ಹಿಸುಕಿದರೆ ನೀರು. ಐದಕ್ಕೆ ಐದೂ ಹಾಗೆಯೇ. ನಾನು ಎಣಿಸಿದ್ದೂ ಅದನ್ನೇ. ಆಮೇಲೆ ಕಟ್ಟೆಯ ಬಳಿಯ ಬಟ್ಟೆ ತೆಗೆದರೆ ಅಲ್ಲಿ ಹುಲ್ಲು ನಿಂತಿತ್ತು. ಸೊರಗಿತ್ತು, ಅರ್ಧ ಎಲೆ ಉದುರಿಸಿತ್ತು, ಆದರೆ ಜೀವಂತ ನಿಂತಿತ್ತು. ಕಾಂಡಕ್ಕೆ ಟಿಂಚರ್ ಬಿಟ್ಟೆ, ನೀಲಿ ಬಂತು. ಇನ್ನೊಂದಕ್ಕೆ ಬಿಟ್ಟೆ, ಅದಕ್ಕೂ ನೀಲಿ.

ಅದೇ ನದಿ, ಅದೇ ಬಟ್ಟೆ, ಅದೇ ಮೂರು ತಿಂಗಳು. ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಕೊನೆಗೆ ಕಾಕಾನನ್ನು ಕೇಳಿದೆ.

"ಹಬ್ಬದಾಗ ತಗದಿದ್ನೆಲ್ರಿ" ಎಂದರು, ಯಾವ ಮುಚ್ಚುಮರೆ ಇಲ್ಲದೆ.

"ಏನು ತಗದಿದ್ರಿ?"

"ಬಟ್ಟಿ. ಎಳ್ಳಮಾಸಿ ದಿನ ನಾ ನದಿಗಿ ಚರಗ ಚೆಲ್ತೇನ್ರಿ, ನಮ್ಮಪ್ಪನ ಕಾಲದಿಂದ ನಡಕೊಂಡು ಬಂದದ. ಚೆಲ್ಲಾಕ ಹೋದ್ರ ಮುಂದ ಕರೀ ಬಟ್ಟಿ. ಬಸುರಿ ಮುಖಕ್ಕ ಮುಸುಕ್ ಹಾಕಿ ಬಯಕಿ ಊಟ ಬಡಸ್ತಾರೇನ್ರಿ ಅಕ್ಕೋರ? ಉಂಡಿದ್ದು ಮೈಗೆ ಹತ್ತಬೇಕಲ್ರಿ, ಐದ ದಿನ ಬಿಸಲ ಕಾಯ್ಸಿ ಮತ್ತ ಕಟ್ಟೇನಿ. ಬಂಡಿ ಆಚೆಗಿಂದೂ ತಗಿಬೇಕಂತ ಮಾಡಿದ್ದೆ, ಅಲ್ಲಿ ದೋಣಿ ಹೋಗಂಗಿಲ್ಲ, ಥಂಡಿಗಿ ನನ್ನ ಮೊಣಕಾಲು ಬ್ಯಾನಿ ಹತ್ತಿತ್ತು. ಅವು ಪಾಪ ಹಂಗೇ ಉಳದ್ವು."

ತಪ್ಪು ನನ್ನದೇ. ಜ್ವಾಕಿ ಮಾಡಿ ಎಂದಿದ್ದೆ, ಬಟ್ಟೆ ಯಾಕೆ ಕಟ್ಟಿದ್ದೇನೆ, ಯಾಕೆ ಎತ್ತಬಾರದು ಎಂದು ಒಂದು ದಿನವೂ ಕೂತು ತಿಳಿಸಿ ಹೇಳಿರಲಿಲ್ಲ. ಪ್ರಯೋಗ ಕೆಟ್ಟಿತಲ್ಲ ಎಂದೇ ಮೊದಲು ಎಣಿಸಿದೆ. ಮರುಕ್ಷಣ ಬೇರೆಯದೇ ಹೊಳೆಯಿತು. ಕೆಟ್ಟಿರಲಿಲ್ಲ! ತೊಂಬತ್ತು ದಿನದ ಕತ್ತಲೆಯ ನಡುವೆ ಬರೀ ಐದು ದಿನದ ಬೆಳಕು ಸಿಕ್ಕರೆ ಹುಲ್ಲು ಕಾಂಡ ತುಂಬಿಕೊಂಡು ಬದುಕುತ್ತದೆ, ಸಿಗದಿದ್ದರೆ ಸಾಯುತ್ತದೆ. ಕಡಲ ದಂಡೆಯಲ್ಲೂ ಮಳೆಗಾಲದ ನಡುವೆ ನಾಲ್ಕಾರು ದಿನ ಹೊಳವಾಗುತ್ತದಲ್ಲ, ನೀರು ತಿಳಿಯಾಗುತ್ತದಲ್ಲ! ಒಟ್ಟು ಎಷ್ಟು ಕತ್ತಲೆ ಎಂದು ಮಾತ್ರ ಎಣಿಸುತ್ತಿದ್ದ ಸರ್, ನಡುವಿನ ಬಿಡುವನ್ನು ಎಣಿಸಿಯೇ ಇರಲಿಲ್ಲ. ಇನ್ನೊಮ್ಮೆ ಬೇಕೆಂದೇ ಮಾಡಿ ನೋಡಿದರೆ ಸಾಕು. ನಾನು ನೀರಿನಲ್ಲೇ ನಿಂತು ನಕ್ಕೆ. ಕಾಕಾನೂ ಯಾಕೆ ಅಂತ ತಿಳಿಯದೆ ನಕ್ಕರು.

ಸಂಜೆ ಖೋಲಿಗೆ ಬಂದು ಎಲ್ಲವನ್ನೂ ಕಲಾವತಿಗೆ ಹೇಳಿದೆ. ಬಸುರಿಯ ಮುಸುಕು, ಬಯಕೆಯ ಊಟ, ಐದು ದಿನ, ನೀಲಿ, ಒಂದೂ ಬಿಡದೆ. ಅವಳು ಸ್ಟೋವಿನ ಮುಂದೆ ಕೂತು ಕೇಳಿದಳು. ಪಲ್ಯ ಹೊತ್ತಿದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಶಾಣೇಕಿ ಇದ್ದಿ ಬೇ ನೀಲಾ" ಎಂದಳು ಕೊನೆಗೆ. "ನಾಳಿ ನಾ ಗುಲಬರ್ಗಾಕ್ಕ ಹೊಂಟೇನಿ. ನೋಟ್‌ಬುಕ್ ಕೊಡು, ಸರ್ ಕಿವಿಗಿ ಹಾಕ್ತೇನಿ. ನೀ ಇಲ್ಲೇ ಇದ್ದು ಗಿಡ ಎಣಿಸಿ ಮುಗಸು."

ಕೊಟ್ಟೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಕೇಳಿದಳು, ನಾನೂ ಅಷ್ಟೇ ನಯವಾಗಿ ಕೊಟ್ಟೆ. ಹಾಳೆ ಹರಿಯದಿರಲಿ ಎಂದು ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಚೀಲ ಬೇರೆ ಸುತ್ತಿ ಕೊಟ್ಟೆ, ಹುಚ್ಚಿ.

ಮೂರನೆಯ ದಿನ ನದಿ ದಂಡೆಗೆ ಜೀಪು ಬಂತು. ಮುಂದಿನ ಸೀಟಿನಲ್ಲಿ ಸರ್, ಹಿಂದೆ ಕಲಾವತಿ. ಸರ್ ಖುಷಿಯಿಂದ ಬಂದಿದ್ದಾರೆ ಎಂದು ನಾನು ಎದುರಿಗೆ ಓಡಿದೆ. ಅವರು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ತನಕ ಬಂದು ಚೌಕಟ್ಟುಗಳನ್ನು ನೋಡಿದರು.

"ನಡುವೆ ಬಟ್ಟೆ ತೆಗೆದದ್ದು ನಿಜವೇನು ನೀಲಮ್ಮ? ಅದನ್ನು ಮುಚ್ಚಿಟ್ಟು ಬೇರೆ ಏನೋ ಕತೆ ಬರೆಯಲಿಕ್ಕೆ ಹೊರಟಿದ್ದೀಯಂತೆ?"

ನಾನು ಕಲಾವತಿಯ ಕಡೆ ನೋಡಿದೆ. ಅವಳು ತಟ್ಟೆಯ ಹಗ್ಗ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ನನ್ನ ನೋಟ್‌ಬುಕ್ಕು ಅವಳ ಕೈಯಲ್ಲೂ ಇರಲಿಲ್ಲ, ಸರ್ ಕೈಯಲ್ಲೂ ಇರಲಿಲ್ಲ.

"ಯಾರು ತೆಗೆದರು? ನೀನೋ?"

ಮಲ್ಲಪ್ಪ ಕಾಕಾ ಅಷ್ಟರಲ್ಲಿ ದೋಣಿಯಿಂದ ಇಳಿದು ಬಂದು ಪಟಕಾ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಕಡಲು ಕೈತಪ್ಪಿ ಹೋಗುವುದು ಕಣ್ಣೆದುರಿಗೇ ಕಾಣುತ್ತಿತ್ತು.

"ಇವ್ರು ತಗದಾರ್ರಿ ಸರ್" ಎಂದೆ. "ತಗೀಬ್ಯಾಡ್ರಿ ಅಂತ ನಾ ಹೇಳಿದ್ದೆ. ಹೇಳಿದ್ರೂ ಕೇಳಿಲ್ಲ."

ಹೇಳಿದ್ದೆ ಎಂಬುದು ಸುಳ್ಳು. ಕಾಕಾ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಸರ್ ಕಡೆ ತಿರುಗಿ, "ಹೌದ್ರಿ ಸಾಹೇಬ್ರ. ಅಕ್ಕೋರು ಹೇಳಿದ್ರು. ನಂದೇ ತಪ್ಪಾತು" ಎಂದರು.

"ಓದಿದವರ ಕೆಲಸದಲ್ಲಿ ನಿಮ್ಮ ಪೂಜೆ ಪುನಸ್ಕಾರ ಯಾಕೆ ತರುತ್ತೀರಯ್ಯ? ಒಂದು ವರ್ಷದ ಕೆಲಸ ಮಣ್ಣು ಮಾಡಿದಿರಲ್ಲ" ಎಂದು ಸರ್ ದಂಡೆಯ ಹೆಂಗಸರೆಲ್ಲ ಕೇಳುವ ಹಾಗೆ ಕೂಗಾಡಿದರು. ಐದು ದಿನದ ಬೆಳಕಿನ ಮಾತನ್ನು ನಾನು ಎತ್ತಿದೆ. "ಕೆಟ್ಟ ಪ್ರಯೋಗದಿಂದ ಯಾವ ಮಾತೂ ಹುಟ್ಟುವುದಿಲ್ಲ" ಎಂದು ಜೀಪು ಹತ್ತಿದರು. ನಾಳೆಯಿಂದ ದೋಣಿ ಬೇಡ ಎಂದು ಕಾಕಾಗೆ ಡ್ರೈವರನ ಕೈಯಲ್ಲಿ ಹೇಳಿಸಿದರು.

ಆ ಸಂಜೆ ಕಲಾವತಿ ಟ್ರಂಕು ತುಂಬುತ್ತಿದ್ದಳು. ಕಡಲಿಗೆ ಹೋಗುವುದು ಅವಳೇ ಎಂದು ಜೀಪಿನಲ್ಲೇ ತೀರ್ಮಾನವಾಗಿತ್ತಂತೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಬಯ್ಯಬೇಕೆಂದಿದ್ದೆ, ದನಿ ಅಳುವಾಗಿ ಬಂತು.

"ನಾ ಸುಳ್ಳೇನು ಹೇಳೇನಿ? ಬಟ್ಟಿ ತಗದಿದ್ದು ಖರೇ ಅಲ್ಲೇನು?" ಎಂದಳು, ಸೀರೆ ಮಡಿಸುತ್ತ.

"ನಾ ಮುಚ್ಚಿಡಾಕತ್ತೇನಿ ಅಂತ ಹೇಳಿದ್ಯಲ್ಲ, ಅದು ಖರೇ ಏನು? ನಾ ನಿನ್ನ ಮುಂದ ಏನೂ ಮುಚ್ಚಿಟ್ಟಿರಲಿಲ್ಲ ಕಲಾ."

ಅವಳು ಮಡಿಸಿದ ಸೀರೆಯನ್ನು ಟ್ರಂಕಿಗೆ ಹಾಕಿ, "ಜಾಗಾ ಒಂದೇ ಇತ್ತು ನೀಲಾ. ನನ್ನ ಜಾಗಾದಾಗ ನೀ ಇದ್ದಿದ್ರ ನೀನೂ ಇದನ್ನೇ ಮಾಡ್ತಿದ್ದಿ" ಎಂದಳು. ಬೆಲ್ಲದ ಡಬ್ಬಿಯನ್ನು ನನಗಾಗಿ ಬಿಟ್ಟುಹೋದಳು. ನಾನು ಮುಟ್ಟಲಿಲ್ಲ, ಇರುವೆಗಳು ತಿಂದು ಮುಗಿಸಿದವು. ನಂಬಿದ ಎಮ್ಮೆ ಕೋಣ ಈಯಿತು ಎಂದು ನಮ್ಮ ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು. ನನಗೆ ಅಷ್ಟು ಬೇಗ ಮುಗಿಯಲಿಲ್ಲ.

ಯೋಜನೆಯಿಂದ ಹೊರಬಿದ್ದ ಮೇಲೆ ಬಿ.ಇಡಿ. ಮಾಡಿ ಜೇವರ್ಗಿಯಲ್ಲಿ ವಿಜ್ಞಾನದ ಟೀಚರಾದೆ. ಕೆಲಸ ಕೆಟ್ಟದ್ದಲ್ಲ, ಮಕ್ಕಳೂ ಕೆಟ್ಟವರಲ್ಲ. ಆದರೂ ಹತ್ತನೆಯ ಇಯತ್ತೆಗೆ ಪಿಷ್ಟದ ಪಾಠ ಬಂದಾಗ ಟಿಂಚರ್ ಶೀಸೆಯನ್ನು ಜೊತೆಯ ಟೀಚರ ಕೈಗೆ ಕೊಟ್ಟು ಹೊರಗೆ ನಿಲ್ಲುತ್ತಿದ್ದೆ. ಹೀಗೇ ಮರೆತುಹೋಗುತ್ತಿತ್ತೇನೋ. ಐದಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ರೇಡಿಯೊ ಹಚ್ಚಿದ್ದೆ. ಕಡಲ ಹುಲ್ಲಿನ ಬಗ್ಗೆ ಭಾಷಣ. ದನಿ ಕೇಳಿದ ಕೂಡಲೇ ಗುರುತು ಹತ್ತಿತು. ಈಗ ಅವಳು ಡಾಕ್ಟರ್ ಕಲಾವತಿ. ಮಾತಿನಲ್ಲಿ ಕರಜಗಿಯ ವಾಸನೆ ಒಂಚೂರೂ ಇರಲಿಲ್ಲ.

ಬಹಳ ದಿನದ ಕತ್ತಲೆಯ ನಡುವೆ ಕೆಲವೇ ದಿನ ಬೆಳಕು ಸಿಕ್ಕರೂ ಕಡಲ ಹುಲ್ಲು ಬದುಕಿಕೊಳ್ಳುತ್ತದೆ ಎಂದು ತಾನು ಪ್ರಯೋಗದಿಂದ ಕಂಡುಕೊಂಡೆ ಎಂದು ಹೇಳುತ್ತಿದ್ದಳು. ಅಷ್ಟಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆಮೇಲೆ ಹೇಳಿದಳು, "ಬಸುರಿಗೆ ಬಯಕೆಯ ಊಟ ಹೇಗೋ ಹುಲ್ಲಿಗೆ ಆ ಬೆಳಕು ಹಾಗೆ ಎಂದು ನನಗೆ ಹೊಳೆಯಿತು."

ನಿನಗೆ ಹೊಳೆಯಿತೇ! ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಕಾಯಿತು. ಯಾವ ಮಾತನ್ನು ಪ್ರಯೋಗ ಕೆಟ್ಟದ್ದಕ್ಕೆ ಸಾಕ್ಷಿ ಎಂದು ಸರ್ ಮುಂದೆ ಇಟ್ಟಳೋ ಅದೇ ಮಾತನ್ನು ಉಟ್ಟು ಮೆರೆಯುತ್ತಿದ್ದಳು. ಅಂದಿನಿಂದ ಸ್ಟಾಫ್‌ರೂಮಿನಲ್ಲಿ ಯಾರಾದರೂ ಗೆಳೆತನದ ಮಾತೆತ್ತಿದರೆ ಸಾಕು, ನಾನು ಈ ಕತೆ ಶುರು ಮಾಡುತ್ತಿದ್ದೆ. ಎಲ್ಲರೂ ಕಲಾವತಿಗೆ ಶಾಪ ಹಾಕುತ್ತಿದ್ದರು, ನನಗೆ ಸಮಾಧಾನವಾಗುತ್ತಿತ್ತು. ಆ ಕತೆಯಲ್ಲಿ ಮಲ್ಲಪ್ಪ ಕಾಕಾಗೆ ಇದ್ದದ್ದು ಒಂದೇ ವಾಕ್ಯ. ದೋಣಿಯವನು ಹಬ್ಬಕ್ಕೆಂದು ಬಟ್ಟೆ ತೆಗೆದಿದ್ದ.

ಮೊನ್ನೆ ದವಾಖಾನೆಯಲ್ಲಿ ಮೊಣಕಾಲಿಗೆ ಹತ್ತಿ ಒತ್ತಿಸಿಕೊಂಡು ಕೂತಾಗ, ಯಾಕೋ ಈ ಸಲ ಕಲಾವತಿಯಲ್ಲಿಗೆ ನೆನಪು ನಿಲ್ಲಲಿಲ್ಲ. ಮೊಣಕಾಲು ನೋವು ಎಂದು ಬಂಡೆಯಾಚೆ ಹೋಗಲಾಗದ ಆ ಮುದುಕ, ಪಟಕಾ ಕೈಯಲ್ಲಿ ಹಿಡಿದು ನಿಂತದ್ದು ಕಂಡಿತು. ಹಬ್ಬಕ್ಕೆ ನರೋಣಾಕ್ಕೆ ಹೋಗುವ ಬದಲು ಗುಲಬರ್ಗಾಕ್ಕೆ ಹೋಗಿ, ಅಲ್ಲಿಂದ ಅಫಜಲಪುರದ ಬಸ್ಸು ಹತ್ತಿದೆ.

ಊರು ಬದಲಾಗಿತ್ತು. ದೂರದಲ್ಲಿ ಸೇತುವೆಯ ಕಂಬಗಳು ಎದ್ದಿದ್ದವು. ದೋಣಿ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಎಲ್ಲರೂ ಹೊಲಕ್ಕೆ ಹೋಗಿ ಓಣಿ ಖಾಲಿಯಾಗಿತ್ತು. ಹೊಲವಿಲ್ಲದ ಮನೆಯಾದ್ದರಿಂದ ಕಾಕಾನ ಹೆಂಡತಿ ಭೀಮವ್ವ ಒಬ್ಬಳೇ ಅಂಗಳದಲ್ಲಿ ಕೂತಿದ್ದಳು. ಕಾಕಾ ಹೋಗಿ ನಾಲ್ಕು ವರ್ಷವಾಗಿತ್ತು. ನನ್ನ ಗುರುತು ಅವಳಿಗೆ ಥಟ್ಟನೆ ಹತ್ತಿತು.

"ಹುಲ್ಲಿನ ಅಕ್ಕೋರು ಹೌದಲ್ಲೋ? ಬಾರವ್ವ, ಬಾ. ಹಬ್ಬದ ದಿನ ಬಂದಿ, ಬರೋಬರಿ ಬಂದಿ" ಎಂದು ಚಾಪೆ ಹಾಸಿ, ಕಡುಬು ಭಜ್ಜಿ ಬಡಿಸಿದಳು. "ನಮ್ಮಾಂವ ಸಾಯೋ ತನಕ ನಿನ್ನ ಹೆಸರು ತಗೀತಿದ್ದ ನೋಡು. ಆ ಸಾಹೇಬ ಒದರಾಡಾಕತ್ತಾಗ ನನ್ನ ಕಡಿ ನಿಂತು ಮಾತಾಡಿದಾಕಿ ಆಕಿ ಒಬ್ಬಾಕಿ ಅಂತ."

ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಸುಮ್ಮನೆ ಉಂಡು ಎದ್ದು ಬರಬಹುದಿತ್ತು. ಸತ್ತವರು ತಾವೇ ಹೊಲಿದುಕೊಟ್ಟ ಒಳ್ಳೆಯ ಹೆಸರು, ಹರಿಯುವವರು ಯಾರೂ ಇರಲಿಲ್ಲ. ಆದರೆ ಆ ಅಂಗಳದಲ್ಲಿ ಕೂತು ಅದನ್ನು ತೊಟ್ಟುಕೊಂಡರೆ ರೇಡಿಯೊದ ಕಲಾವತಿಗೂ ನನಗೂ ಏನು ಫರಕು ಉಳಿಯುತ್ತಿತ್ತು?

"ನಾ ಕಾಕಾನ ಕಡಿ ನಿಲ್ಲಲಿಲ್ಲ ಭೀಮವ್ವ" ಎಂದೆ. "ತಗೀಬ್ಯಾಡ್ರಿ ಅಂತ ಹೇಳಿದ್ದೆ ಅಂತ ಸುಳ್ಳು ಹೇಳಿದೆ. ನಾ ಹೇಳೇ ಇರಲಿಲ್ಲ. ಎಲ್ಲಾ ಅವ್ರ ಮ್ಯಾಲೆ ಹಾಕಿದೆ."

ಅವಳು ನೀರಿನ ತಂಬಿಗೆಯನ್ನು ನನ್ನ ತಾಟಿನ ಪಕ್ಕಕ್ಕೆ ಸರಿಸಿದಳು.

"ಗೊತ್ತದ ಯವ್ವ" ಎಂದಳು. "ಅಂವಾ ಸುಳ್ಳು ಹೇಳಿದ್ರ ನನಗ ತಿಳಿಯಂಗಿಲ್ಲೇನು? ನಲವತ್ತು ವರ್ಷ ಬಾಳೇವಿ ಮಾಡೇನಿ. ಬಟ್ಟಿ ಒಗ್ಯಾಕ ನಾನೂ ಅಲ್ಲೇ ಇದ್ದೆ ಆವತ್ತ, ನನ್ನ ಕಿವೀಲೆ ಕೇಳೇನಿ. ಆದ್ರೂ ಅಂವಾ ಹಂಗಂದ್ರ ನಾನೂ ಹೂಂ ಅಂತಿದ್ದೆ."

ಏನಾದರೂ ಹೇಳಬೇಕೆಂದು, "ಚರಗ ಚೆಲ್ಲಿದ್ರೇನು ಇವತ್ತ ನದಿಗಿ?" ಎಂದು ಕೇಳಿದೆ.

"ಯಾರು ಚೆಲ್ಲಬೇಕು? ಅಂವಾ ಇದ್ದಾಗೇ ಬಿಟ್ಟಿದ್ದ. ಆ ವರ್ಷದಿಂದ ಒಮ್ಮಿನೂ ಚೆಲ್ಲಲಿಲ್ಲ. ನಾ ಭಜ್ಜಿ ಕಡಬು ಮಾಡಿ ಬುಟ್ಟಿ ಮುಂದ ಇಟ್ರ ಹೊಳ್ಳಿ ಮಲಗತಿದ್ದ. ಕೆಳಗ ನೀರಾಗ ಓದಿದವ್ರದು ಏನೇನು ಇರ್ತದೋ ಏನೋ, ನನ್ನ ಕೈ ಹತ್ತಿ ಮತ್ತ ಯಾರದರ ಕೆಡಬಾರ್ದು ಅಂತಿದ್ದ."

ಭೀಮವ್ವ ನನ್ನ ತಾಟಿಗೆ ಇನ್ನೊಂದು ಸೌಟು ಭಜ್ಜಿ ಹಾಕಿದಳು. "ಉಣ್ಣು, ಆರಾಕತ್ತದ" ಎಂದಳು.

ಉಂಡೆ. ಬಸ್ಸಿಗೆ ಹೋಗುವ ಮುಂಚೆ ಕಟ್ಟೆಯ ತನಕ ನಡೆದೆ. ನೀರು ತಿಳಿಯಾಗಿತ್ತು, ತಳದಲ್ಲಿ ಹುಲ್ಲು ಬಿಸಿಲಿಗೆ ಕೆಂಪೇರಿ ಗೇಣುದ್ದ ನಿಂತಿತ್ತು. ನನ್ನಿಂದ ಕದ್ದದ್ದನ್ನು ಕಲಾವತಿ ಎಲ್ಲೋ ಬಿತ್ತಿ ಬೆಳೆದುಕೊಂಡಳು. ನಾನು ಆ ಮುದುಕನಿಂದ ಕಿತ್ತುಕೊಂಡ ಚರಗ ಅವರಿಗೂ ಉಳಿಯಲಿಲ್ಲ, ನನಗೂ ದಕ್ಕಲಿಲ್ಲ. ಜೇವರ್ಗಿಗೆ ಬಂದ ಮೇಲೆ ಸ್ಟಾಫ್‌ರೂಮಿನಲ್ಲಿ ಹಬ್ಬ ಹೇಗಾಯಿತು ಎಂದು ಕೇಳಿದರು. ಚೆನ್ನಾಗಾಯಿತು ಎಂದೆ.